ಕಾರಿಗೆ ಹಗುರ ಚಕ್ರ ಒಳ್ಳೆಯದೋ, ಭಾರದ ಚಕ್ರವೋ? ಕಾಲಿನ್ ಚಾಪ್‌ಮನ್ ಬದುಕಿನಲ್ಲಿದೆ ಉತ್ತರ

ಕಾರಿನ ಚಕ್ರದ ಬಗ್ಗೆ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಚಕ್ರ ಭಾರವಿದ್ದಷ್ಟೂ ಕಾರು ರಸ್ತೆಗೆ ಅಂಟಿಕೊಂಡು ಓಡುತ್ತದೆ ಎನ್ನುವುದು ಒಂದು. ಚಕ್ರದಲ್ಲಿ 1 ಕೆ.ಜಿ. ಇಳಿಸಿದರೆ ಕಾರಿನಲ್ಲಿ 10 ಕೆ.ಜಿ. ಇಳಿಸಿದಂತೆ ಎನ್ನುವುದು ಇನ್ನೊಂದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲಿರುವ ನಿಮ್ಮ ಗ್ರೂಪಿಗೂ ಇವು ಬಂದಿರಬಹುದು. ಮೊದಲನೆಯದು ತಪ್ಪು. ಎರಡನೆಯದು ಉತ್ಪ್ರೇಕ್ಷೆ. ಸ್ಪೋರ್ಟ್ಸ್ ಕಾರಿನ ತೂಕ ಇಳಿಸುವುದಕ್ಕೇ ಬದುಕು ಸವೆಸಿದ ಎಂಜಿನಿಯರ್ ಒಬ್ಬರ ಕಥೆಯ ಮೂಲಕ ಇದನ್ನು ಅರ್ಥಮಾಡಿಕೊಳ್ಳೋಣ. ಅವರ ಹೆಸರು ಕಾಲಿನ್ ಚಾಪ್‌ಮನ್.

ಹಳೇ ಕಾರಿನಿಂದ ಲೋಟಸ್‌ವರೆಗೆ

ಚಾಪ್‌ಮನ್ ಹುಟ್ಟಿದ್ದು 1928ರ ಮೇ 19ರಂದು, ಲಂಡನ್ ಪಕ್ಕದ ರಿಚ್ಮಂಡ್‌ನಲ್ಲಿ. ಓದಿದ್ದು ಕಾರಿನ ಎಂಜಿನಿಯರಿಂಗ್ ಅಲ್ಲ; ಕಟ್ಟಡ, ಸೇತುವೆಗಳ ಎಂಜಿನಿಯರಿಂಗ್. ಎಲ್ಲಿ ಎಷ್ಟು ಭಾರ ಬೀಳುತ್ತದೆ, ಅಲ್ಲಿಗೆ ಎಷ್ಟು ಕಬ್ಬಿಣ ಸಾಕು ಎಂದು ಲೆಕ್ಕ ಹಾಕುವುದನ್ನು ಅಲ್ಲಿ ಕಲಿತರು. ಈ ಲೆಕ್ಕವೇ ಮುಂದೆ ಅವರ ಇಡೀ ಬದುಕನ್ನು ನಡೆಸಿತು.

ಕಾಲೇಜಿನಲ್ಲಿದ್ದಾಗಲೇ ಸೆಕೆಂಡ್‌ಹ್ಯಾಂಡ್ ಕಾರುಗಳ ವ್ಯಾಪಾರಕ್ಕೆ ಕೈಹಾಕಿದರು. ಯುದ್ಧ ಮುಗಿದ ಮೇಲಿನ ಪೆಟ್ರೋಲ್ ಅಭಾವದಲ್ಲಿ ವ್ಯಾಪಾರ ಕುಸಿಯಿತು. ಮಾರಾಟವಾಗದೆ ಉಳಿದ ಒಂದು ಹಳೇ ಆಸ್ಟಿನ್ ಸೆವೆನ್ ಕಾರನ್ನೇ ಬಿಚ್ಚಿ, ಹೊಸದಾಗಿ ಕಟ್ಟಿ, 1948ರಲ್ಲಿ ತಮ್ಮ ಮೊದಲ ಕಾರು ತಯಾರಿಸಿದರು. ಮುಂದೆ ಮದುವೆಯಾಗಲಿದ್ದ ಹೇಜಲ್ ಕೊಟ್ಟ 25 ಪೌಂಡ್ ಸಾಲದಿಂದ 1952ರಲ್ಲಿ ಲೋಟಸ್ ಕಂಪನಿ ಶುರುವಾಯಿತು. ತಂದೆ ನಡೆಸುತ್ತಿದ್ದ ಹೋಟೆಲಿನ ಹಿಂದಿನ ಕುದುರೆ ಲಾಯವೇ ವರ್ಕ್‌ಶಾಪ್.

ದೊಡ್ಡ ಎಂಜಿನ್‌ಗೆ ದುಡ್ಡಿರಲಿಲ್ಲ. ಹಾಗಾಗಿ ಚಾಪ್‌ಮನ್ ಹಿಡಿದ ದಾರಿ ಬೇರೆ: ಶಕ್ತಿ ಹೆಚ್ಚಿಸುವ ಬದಲು ತೂಕ ಇಳಿಸುವುದು. ಎಂಜಿನ್ ಬಲ ಹೆಚ್ಚಿದರೆ ನೇರ ರಸ್ತೆಯಲ್ಲಿ ಮಾತ್ರ ಲಾಭ. ತೂಕ ಇಳಿದರೆ ವೇಗ ಹೆಚ್ಚಿಸುವಾಗ, ತಿರುವಿನಲ್ಲಿ, ಬ್ರೇಕ್ ಹಾಕುವಾಗ, ಎಲ್ಲ ಕಡೆಯೂ ಲಾಭ. 1957ರ ಲೋಟಸ್ ಸೆವೆನ್ ಇದಕ್ಕೆ ಉದಾಹರಣೆ. ಅದರ ವಿನ್ಯಾಸದ ಕಾರುಗಳು ಇಂದಿಗೂ ತಯಾರಾಗುತ್ತಿವೆ.

ಚಕ್ರದ ತೂಕವೇ ಏಕೆ ಮುಖ್ಯ?

ಬೆನ್ನಿನ ಚೀಲದಲ್ಲಿ 1 ಕೆ.ಜಿ. ಹೊತ್ತು ಓಡಿ ನೋಡಿ. ಅದೇ ಭಾರವನ್ನು ಬೂಟಿಗೆ ಕಟ್ಟಿಕೊಂಡು ಓಡಿ ನೋಡಿ. ಎರಡನೆಯದರಲ್ಲಿ ಬೇಗ ಸುಸ್ತಾಗುತ್ತದೆ. ಕಾರಿನಲ್ಲೂ ಹೀಗೆಯೇ. ಸೀಟು, ಎಂಜಿನ್, ಬಾಡಿ ಸ್ಪ್ರಿಂಗ್ ಮೇಲೆ ಕೂತಿರುತ್ತವೆ. ಚಕ್ರ, ಟೈರು, ಬ್ರೇಕು ಸ್ಪ್ರಿಂಗ್ ಕೆಳಗಿರುತ್ತವೆ. ಹಂಪ್ ಸಿಕ್ಕಾಗ ಭಾರದ ಚಕ್ರ ಮೇಲೆ ಚಿಮ್ಮಿದರೆ ಅದನ್ನು ಮತ್ತೆ ಕೆಳಗೆ ತಳ್ಳಲು ಸ್ಪ್ರಿಂಗ್‌ಗೆ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತು ಟೈರಿಗೆ ರಸ್ತೆಯ ಹಿಡಿತ ಇರುವುದಿಲ್ಲ. ಹಗುರ ಚಕ್ರ ಬೇಗ ಇಳಿದು ರಸ್ತೆ ಹಿಡಿಯುತ್ತದೆ. ಅಂದರೆ ಮೊದಲ ಸಂದೇಶ ಹೇಳುವುದರ ಉಲ್ಟಾ.

ಇನ್ನು ಹತ್ತರ ಲೆಕ್ಕ. ಚಕ್ರ ಮುಂದಕ್ಕೂ ಹೋಗಬೇಕು, ಸುತ್ತಲೂ ಬೇಕು. ಅದಕ್ಕೇ ಅದರ ಅಂಚಿನಲ್ಲಿರುವ 1 ಕೆ.ಜಿ. ತೂಕವನ್ನು ವೇಗಕ್ಕೆ ತರಲು, ಕಾರಿನೊಳಗೆ ಇಟ್ಟ 2 ಕೆ.ಜಿ.ಯಷ್ಟು ಶಕ್ತಿ ಬೇಕು. ಎರಡು ಪಟ್ಟು ಎನ್ನುವುದೇ ಮೇಲಿನ ಮಿತಿ. ನಾಲ್ಕು ಚಕ್ರಗಳಲ್ಲಿ ತಲಾ 3 ಕೆ.ಜಿ. ಇಳಿಸಿದಿರಿ ಎಂದುಕೊಳ್ಳಿ. ಒಟ್ಟು 12 ಕೆ.ಜಿ. ವೇಗ ಹೆಚ್ಚಿಸುವಾಗ ಸಿಗುವ ಲಾಭ ಹೆಚ್ಚೆಂದರೆ 24 ಕೆ.ಜಿ. ಇಳಿಸಿದಷ್ಟು. 1,000 ಕೆ.ಜಿ. ಕಾರಿಗೆ ಅದು ಶೇ. 2.4 ಮಾತ್ರ. ಲಾಭ ಇದೆ, ಪವಾಡ ಇಲ್ಲ.

1950ರ ದಶಕದ ಕೊನೆಯಲ್ಲಿ ಲೋಟಸ್ ತನ್ನ ರೇಸ್ ಕಾರುಗಳಿಗೆ ಮೆಗ್ನೀಸಿಯಂ ಚಕ್ರ ಹಾಕಿತು. ಗಾತ್ರ ಒಂದೇ ಇದ್ದರೆ ಮೆಗ್ನೀಸಿಯಂ ತೂಕ ಅಲ್ಯೂಮಿನಿಯಂನ ಸುಮಾರು ಮೂರನೇ ಎರಡು ಭಾಗ. ಆ ಚಕ್ರಕ್ಕೆ ಕಡ್ಡಿಗಳೇ ಇರಲಿಲ್ಲ. ಅಲೆಅಲೆಯಾದ ಒಂದು ತಟ್ಟೆ, ಅಷ್ಟೇ. ಶೆಡ್ಡಿಗೆ ಹೊದಿಸುವ ಅಲೆ ತಗಡು ತೆಳ್ಳಗಿದ್ದರೂ ಬಾಗದಿರುವುದು ಅದರ ಮಡಿಕೆಯಿಂದ. ಇಲ್ಲೂ ಅದೇ ಉಪಾಯ. ಲೋಹ ಕಡಿಮೆ, ಗಟ್ಟಿತನಕ್ಕೆ ಆಕಾರದ ನೆರವು.

ಹಗುರತನಕ್ಕೆ ತೆತ್ತ ಬೆಲೆ

ಚಾಪ್‌ಮನ್ ಗೆದ್ದರು. ಅವರು ಬದುಕಿದ್ದಾಗಲೇ ಲೋಟಸ್ ತಂಡ ಫಾರ್ಮುಲಾ ಒನ್‌ನ ತಯಾರಕರ ಪ್ರಶಸ್ತಿಯನ್ನು 7 ಬಾರಿ ಪಡೆಯಿತು. 1965ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸನ್ನೂ ಗೆದ್ದಿತು. ಆದರೆ ಆ ಕಾರುಗಳ ಭಾಗಗಳು ಮುರಿಯುತ್ತವೆ ಎಂಬ ಕೆಟ್ಟ ಹೆಸರೂ ಜೊತೆಗೇ ಬಂತು.

1960ರ ಜೂನ್‌ನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಅಭ್ಯಾಸ ನಡೆಯುವಾಗ ಸ್ಟರ್ಲಿಂಗ್ ಮಾಸ್ ಓಡಿಸುತ್ತಿದ್ದ ಲೋಟಸ್ ಕಾರಿನ ಹಿಂದಿನ ಚಕ್ರವೇ ಕಳಚಿಹೋಯಿತು. ಅವರ ಎರಡೂ ಕಾಲು ಮುರಿದವು. ಅದೇ ಅಭ್ಯಾಸದಲ್ಲಿ ಮೈಕ್ ಟೇಲರ್ ಅವರ ಲೋಟಸ್‌ನ ಸ್ಟೀರಿಂಗ್ ಮುರಿದು, ಅವರ ರೇಸ್ ಬದುಕು ಮುಗಿಯಿತು.

ಹತ್ತು ವರ್ಷದ ನಂತರ ಬಂದ ಲೋಟಸ್ 72 ಕಾರಿನಲ್ಲಿ ಚಕ್ರದ ಭಾರ ಇಳಿಸಲು ಬ್ರೇಕನ್ನೇ ಚಕ್ರದಿಂದ ತೆಗೆದು ಬಾಡಿಯ ಒಳಗೆ ಇಟ್ಟು, ನಡುವೆ ಒಂದು ಶಾಫ್ಟ್ ಜೋಡಿಸಿದ್ದರು. ಜಾಣ ಯೋಚನೆಯೇ. ಆದರೆ 1970ರ ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ ಯೋಹೆನ್ ರಿಂಟ್ ಬ್ರೇಕ್ ಒತ್ತಿದಾಗ ಮುಂದಿನ ಬಲ ಶಾಫ್ಟ್ ತುಂಡಾಯಿತು. ಕಾರು ಎಡಕ್ಕೆ ತಿರುಗಿ ತಡೆಬೇಲಿಗೆ ಅಪ್ಪಳಿಸಿತು. ಬೇಲಿಯನ್ನು ಸರಿಯಾಗಿ ಕೂರಿಸಿರಲಿಲ್ಲ. ರಿಂಟ್ ಉಳಿಯಲಿಲ್ಲ. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಅವರ ಸಾವಿನ ನಂತರ ಅವರಿಗೆ ಬಂತು. ಸ್ವಲ್ಪ ತೂಕ ಹೆಚ್ಚಾದರೂ ಸರಿ, ದುರ್ಬಲ ಭಾಗಗಳನ್ನು ಗಟ್ಟಿ ಮಾಡಿ ಎಂದು ರಿಂಟ್ ಹಿಂದಿನ ವರ್ಷವೇ ಚಾಪ್‌ಮನ್‌ಗೆ ಪತ್ರ ಬರೆದಿದ್ದರು.

ಚಾಪ್‌ಮನ್ 1982ರ ಡಿಸೆಂಬರ್ 16ರಂದು ಹೃದಯಾಘಾತದಿಂದ ತೀರಿಕೊಂಡರು. ಆಗ ವಯಸ್ಸು 54. ಹಣದ ಹಗರಣವೊಂದರ ತನಿಖೆ ಹತ್ತಿರವಾಗುತ್ತಿದ್ದ ಸಮಯ ಅದು. ಹೀಗಾಗಿ ಅವರು ಸತ್ತಿಲ್ಲ, ಬ್ರೆಜಿಲ್‌ಗೆ ಪರಾರಿಯಾಗಿದ್ದಾರೆ ಎಂಬ ವದಂತಿ ಹಬ್ಬಿತು. ವಾಟ್ಸ್ಆ್ಯಪ್ ಇಲ್ಲದ ಕಾಲದಲ್ಲೂ ಪುರಾವೆ ಇಲ್ಲದ ಸುದ್ದಿ ದೂರ ಓಡುತ್ತಿತ್ತು.

ಹಾಗಾದರೆ ನಾವು ಏನು ಮಾಡಬೇಕು?

• ಅಲಾಯ್ ಎಂದರೆ ಹಗುರ ಎಂದು ನಂಬಬೇಡಿ. ಗಾತ್ರ ದೊಡ್ಡದಾದರೆ ಅಲಾಯ್ ಚಕ್ರ ಕಂಪನಿಯ ಸ್ಟೀಲ್ ಚಕ್ರಕ್ಕಿಂತ ಭಾರವೂ ಆಗಬಹುದು. ಅಂಗಡಿಯಲ್ಲಿ ಎರಡನ್ನೂ ತಕ್ಕಡಿಗೆ ಹಾಕಿಸಿ.

• ಚಕ್ರ ತಡೆಯುವ ಭಾರದ ಮಿತಿ ಮತ್ತು ಐಎಸ್‌ಐ ಗುರುತು ನೋಡಿ. ನಕಲಿ ಚಕ್ರ ಹಗುರವಿದ್ದರೆ, ಲೋಹ ಎಲ್ಲಿ ಉಳಿಸಿದ್ದಾರೆ ಎಂದು ಅನುಮಾನಿಸಿ.

• ದೊಡ್ಡ ರಿಮ್ಮಿಗೆ ಪಟ್ಟಿಯಂಥ ತೆಳು ಟೈರು ಹಾಕಿದರೆ ಗುಂಡಿಯ ಹೊಡೆತ ನೇರ ರಿಮ್ಮಿಗೆ ಬೀಳುತ್ತದೆ. ಮಾಲೂರಿನ ಕಡೆಯ ಎಕ್ಸ್‌ಪ್ರೆಸ್‌ವೇಯಲ್ಲಿ ಸುಮ್ಮನಿದ್ದ ಚಕ್ರ ಹಳ್ಳಿ ರಸ್ತೆಯ ಒಂದೇ ಗುಂಡಿಗೆ ಬಿರುಕು ಬಿಡಬಹುದು.

• ಸ್ಟೀಲ್ ಚಕ್ರ ಸಾಮಾನ್ಯವಾಗಿ ಸೊಟ್ಟಗಾಗುತ್ತದೆ, ಎರಕದ ಅಲಾಯ್ ಬಿರುಕು ಬಿಡುತ್ತದೆ. ಬಿರುಕಿಗೆ ವೆಲ್ಡಿಂಗ್ ಮಾಡಿಸಿ ಓಡಿಸಬೇಡಿ.

ಕೊನೆಯ ಮಾತು: ಒಂದೇ ಗಟ್ಟಿತನದ ಎರಡು ಚಕ್ರಗಳಿದ್ದರೆ ಹಗುರವಾದದ್ದನ್ನೇ ಆರಿಸಿ. ಗಟ್ಟಿತನ ಬಿಟ್ಟುಕೊಟ್ಟು ಹಗುರ ಮಾಡಿದ್ದರೆ ಬೇಡ. ಚಾಪ್‌ಮನ್ ಕಾರುಗಳು ಗೆದ್ದದ್ದು ಮೊದಲನೆಯದರಿಂದ, ಚಾಲಕರು ಬೆಲೆ ತೆತ್ತದ್ದು ಎರಡನೆಯದಕ್ಕೆ. ಮುಂದಿನ ಬಾರಿ ಹತ್ತು ಪಟ್ಟಿನ ಸಂದೇಶ ಬಂದರೆ, ಇದನ್ನು ಕಳಿಸಿ.