ಬೆಳಕಿನ ಹಾದಿಯನ್ನು ಗಣಿಸಿದ ಚಂದ್ರಶೇಖರ್

ಸುಬ್ರಹ್ಮಣ್ಯನ್ ಚಂದ್ರಶೇಖರ್ (1910–1995) ಎಂದೊಡನೆ ನೆನಪಾಗುವುದು ಶ್ವೇತಕುಬ್ಜ ನಕ್ಷತ್ರಗಳ ದ್ರವ್ಯರಾಶಿಗೆ ಅವರು ಕಂಡುಕೊಂಡ ಮಿತಿ, 1983ರ ನೊಬೆಲ್ ಪ್ರಶಸ್ತಿ. ಆದರೆ ಅವರಿಗೆ ಹೆಚ್ಚಿನ ತೃಪ್ತಿ ತಂದ ಕೆಲಸ ಬೇರೆ: ವಿಕಿರಣ ವರ್ಗಾವಣೆಯ ಸಿದ್ಧಾಂತ. ಕುಲುಮೆಯ ಜ್ವಾಲೆಯಲ್ಲಿ, ಭೂಮಿಯ ವಾಯುಮಂಡಲದಲ್ಲಿ ವಿಕಿರಣದ ಮೂಲಕ ಶಾಖ ಸಾಗುವ ಬಗೆಯನ್ನು ಇಂದಿನ ಸೂಪರ್‌ಕಂಪ್ಯೂಟರುಗಳು ಲೆಕ್ಕ ಹಾಕುವಾಗ ಬಳಕೆಯಾಗುವುದು ಈ ಕೆಲಸವೇ.

ಲಾಹೋರಿನಲ್ಲಿ ಹುಟ್ಟಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಅವರು 1930ರಲ್ಲಿ ಕೇಂಬ್ರಿಜಿಗೆ ಹೋದರು. ಮುಂದೆ ಬೆಂಗಳೂರಿನಲ್ಲಿ ನೆಲಸಿದ ಸಿ. ವಿ. ರಾಮನ್ ಇವರ ಚಿಕ್ಕಪ್ಪ. 1935ರ ಜನವರಿಯಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಎಡಿಂಗ್ಟನ್ ಅವರು ಶ್ವೇತಕುಬ್ಜಗಳ ಮಿತಿಯನ್ನು ಎಲ್ಲರೆದುರು ಅಲ್ಲಗಳೆದರು. ಚಂದ್ರಶೇಖರ್ ಜಗಳವನ್ನು ಬೆಳೆಸಲಿಲ್ಲ. ತಾವು ಕಂಡದ್ದನ್ನು 1939ರ ಪುಸ್ತಕದಲ್ಲಿ ಬರೆದಿಟ್ಟು ಬೇರೆ ವಿಷಯಕ್ಕೆ ತಿರುಗಿದರು. ಒಂದು ವಿಷಯವನ್ನು ಹಿಡಿದು, ಪುಸ್ತಕ ಬರೆದು, ಮುಂದಕ್ಕೆ ಹೋಗುವ ಕ್ರಮ ಕೊನೆಯವರೆಗೂ ಉಳಿಯಿತು. ಆ ಅವಮಾನವಿಲ್ಲದಿದ್ದರೆ ನಕ್ಷತ್ರಗಳಲ್ಲಿಯೇ ಉಳಿಯುತ್ತಿದ್ದರೇನೋ!

1937ರಿಂದ ಅವರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಯರ್ಕೀಸ್ ವೀಕ್ಷಣಾಲಯದಲ್ಲಿದ್ದರು. ಅಲ್ಲಿ 1943ರ ಸುಮಾರಿಗೆ ಕೈಗೆತ್ತಿಕೊಂಡ ಸಮಸ್ಯೆ ಸುಲಭದ್ದಲ್ಲ. ಕಬ್ಬಿಣದ ಸರಳಿನಲ್ಲಿ ಶಾಖ ಪಕ್ಕದ ಬಿಂದುವಿಗಷ್ಟೇ ದಾಟುತ್ತದೆ. ವಿಕಿರಣವಾದರೋ ಪ್ರತಿ ಬಿಂದುವಿನಿಂದ ಎಲ್ಲ ದಿಕ್ಕುಗಳಿಗೂ ಹೊರಟು, ಚದುರಿ, ಹೀರಲ್ಪಟ್ಟು, ಮತ್ತೆ ಹೊಮ್ಮುತ್ತದೆ. ಅದರ ತೀವ್ರತೆಯನ್ನು ಹೇಳಲು ಸ್ಥಾನಕ್ಕೆ ಮೂರು, ದಿಕ್ಕಿಗೆ ಎರಡು, ಆವೃತ್ತಿ ಮತ್ತು ಕಾಲಕ್ಕೆ ಒಂದೊಂದು, ಒಟ್ಟು ಏಳು ಚರಗಳು ಬೇಕು. ಶೂಸ್ಟರ್ 1905ರಲ್ಲಿ ಮೇಲಕ್ಕೆ, ಕೆಳಕ್ಕೆ ಎಂಬ ಎರಡೇ ಧಾರೆಗಳಿಂದ ಕೆಲಸ ಸಾಗಿಸಿದ್ದರು. ಇಟಲಿಯ ವಿಕ್ ನ್ಯೂಟ್ರಾನುಗಳಿಗಾಗಿ ಬಳಸಿದ ಉಪಾಯವನ್ನು ಹಿಡಿದು ಚಂದ್ರಶೇಖರ್ ಧಾರೆಗಳನ್ನು ಬೇಕಾದಷ್ಟು ಹೆಚ್ಚಿಸಿದರು. ಯಾವ ದಿಕ್ಕುಗಳನ್ನು ಆರಿಸಬೇಕು, ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಗಾಸ್ ಅವರ ಸೂತ್ರ ಹೇಳುತ್ತಿತ್ತು. ಅನಂತ ದಿಕ್ಕುಗಳ ಸಮೀಕರಣ ಹೀಗೆ ಬಿಡಿಸಬಲ್ಲ ಕೆಲವೇ ಸಮೀಕರಣಗಳಾಯಿತು. 1950ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು.

ಕಂಪ್ಯೂಟರ್ ಎಂಬುದು ಆಗಿನ್ನೂ ಒಂದು ಹುದ್ದೆಯ ಹೆಸರು. 1948ರಲ್ಲಿ ಆ ಹುದ್ದೆಗೆ ಸೇರಿದ ಡೊನ್ನಾ ಎಲ್ಬರ್ಟ್ ಮೇಜಿನ ಮೇಲಿನ ಗಣನಯಂತ್ರದಲ್ಲಿ ಅಂಕಿಗಳನ್ನು ತೆಗೆದುಕೊಡುತ್ತಿದ್ದರು. ಬಿಸಿಲಿರುವ ಆಕಾಶದ ಹೊಳಪು ಮತ್ತು ಧ್ರುವೀಕರಣವನ್ನು ಕುರಿತ 1954ರ ಪ್ರಬಂಧಕ್ಕೆ ಇಬ್ಬರೂ ಲೇಖಕರು. ಆಕಾಶದ ಕೆಲವು ಬಿಂದುಗಳಲ್ಲಿ ಧ್ರುವೀಕರಣ ಏಕೆ ಶೂನ್ಯವಾಗುತ್ತದೆ ಎಂಬ ಹತ್ತೊಂಬತ್ತನೆಯ ಶತಮಾನದ ಒಗಟು ಈ ಲೆಕ್ಕಗಳಲ್ಲಿ ಬಿಡಿಸಿಕೊಂಡಿತು. ಚಂದ್ರಶೇಖರರ ಹೆಸರಿನೊಡನೆ ಎಲ್ಬರ್ಟ್ ಅವರ ಹೆಸರು ಇಷ್ಟು ವಿರಳವಾಗಿ ಕೇಳಿಬರುವುದು ನ್ಯಾಯವಲ್ಲ.

ಈಗ ಜ್ವಾಲೆಯನ್ನೋ ರಿಯಾಕ್ಟರನ್ನೋ ಲಕ್ಷಾಂತರ ಕೋಶಗಳಾಗಿ ಸೀಳಿ, ಪ್ರತಿ ದಿಕ್ಕಿಗೂ ಒಂದೊಂದು ಸಮೀಕರಣ ಬರೆದು ಸಾವಿರಾರು ಪ್ರೊಸೆಸರುಗಳಿಗೆ ಹಂಚುತ್ತಾರೆ. ಹಂಚುವುದೇ ಕಷ್ಟ: ಬೆಳಕು ಬರುವ ಕಡೆಯ ಕೋಶದ ಲೆಕ್ಕ ಮುಗಿಯುವತನಕ ಮುಂದಿನ ಕೋಶ ಕಾಯಬೇಕು. ಹವಾಮಾನ ಮಾದರಿಗಳಲ್ಲಂತೂ ವಿಕಿರಣದ ಲೆಕ್ಕ ಎಷ್ಟು ದುಬಾರಿಯೆಂದರೆ, ಗಾಳಿಯ ಚಲನೆಯನ್ನು ಹಲವು ಸಲ ಗಣಿಸಿದ ಮೇಲೆ ಅದನ್ನು ಒಮ್ಮೆ ಮಾಡುತ್ತಾರೆ. ಅಲ್ಲಿಯೂ ಬಹುಪಾಲು ಶೂಸ್ಟರರ ಎರಡು ಧಾರೆಗಳೇ.