ಬ್ಯಾನರಿನ ತಿಲಕರು ಮತ್ತು ನಮ್ಮ ರಸೀದಿ ಪುಸ್ತಕ

ಹೋದ ವರ್ಷ ಗಣೇಶನ ಹಬ್ಬಕ್ಕೆ ಹದಿನೈದು ದಿನ ಇರುವಾಗ ನಮ್ಮ ವಠಾರದ ಹುಡುಗನೊಬ್ಬನ ಬಲಗೈಯ ಎರಡು ಬೆರಳು ಪ್ರೆಸ್ ಮಿಷನ್‌ಗೆ ಸಿಕ್ಕಿ ಹೋದವು. ಪೀಣ್ಯದ ಸಣ್ಣ ಶೆಡ್ಡೊಂದರಲ್ಲಿ ದಿನಗೂಲಿ, ಇಎಸ್‌ಐ ಇರಲಿಲ್ಲ. ಐಟಿಐ ಮುಗಿಸಿ ಕೆಲಸ ಹುಡುಕುತ್ತಿದ್ದ ನನಗೆ ಲಗ್ಗೆರೆಯ ನಮ್ಮ ಬೀದಿಯ ಗಣೇಶನಿಗೆ ಚಂದಾ ಎತ್ತುವ ಜವಾಬ್ದಾರಿ ಬಿದ್ದಿತ್ತು. ಈ ಸಲ ಆರ್ಕೆಸ್ಟ್ರಾ ಬೇಡ, ಆ ದುಡ್ಡು ಅವನ ಆಸ್ಪತ್ರೆಗೆ ಕೊಡೋಣ ಎಂದೆ. ಗಣೇಶನ ಹೆಸರಲ್ಲಿ ಎತ್ತಿದ್ದು ಗಣೇಶನಿಗೇ ಆಗಬೇಕು ಎಂದರು ಹಿರಿಯ ಅಣ್ಣಂದಿರು. ಅವರ ಮಾತಲ್ಲೂ ನ್ಯಾಯವಿತ್ತು. ಪ್ರತಿವರ್ಷ ನಮ್ಮ ಬ್ಯಾನರಿನಲ್ಲಿ ತಿಲಕರ ಚಿತ್ರ ಹಾಕಿಸುತ್ತೇವೆ. ಜನರ ದುಡ್ಡನ್ನು ಅವರು ಏನು ಮಾಡುತ್ತಿದ್ದರು ಎಂದು ತಿಳಿಯಲು ಗ್ರಂಥಾಲಯಕ್ಕೆ ಹೋದೆ.

ಬಾಲ ಗಂಗಾಧರ ತಿಲಕರು ಹುಟ್ಟಿದ್ದು 1856ರ ಜುಲೈ 23ರಂದು, ರತ್ನಾಗಿರಿಯಲ್ಲಿ. ತಂದೆ ಶಾಲಾ ಮೇಷ್ಟ್ರು. ತಿಲಕರು ಗಣಿತ ಓದಿ, ಕಾನೂನನ್ನೂ ಮುಗಿಸಿದರು. ಸರ್ಕಾರಿ ಕೆಲಸದ ಕಡೆ ಹೋಗದೆ 1880ರಲ್ಲಿ ಗೆಳೆಯರೊಂದಿಗೆ ಪುಣೆಯಲ್ಲಿ ಶಾಲೆ ತೆರೆದರು. ಮರುವರ್ಷ ಕೇಸರಿ ಪತ್ರಿಕೆ, ಆಮೇಲೆ ಫರ್ಗ್ಯುಸನ್ ಕಾಲೇಜು. ಹೀಗೆ ತಾವೇ ಕಟ್ಟಿದ ಸಂಸ್ಥೆಯನ್ನು 1890ರಲ್ಲಿ ಬಿಟ್ಟುಬಿಟ್ಟರು. ಜಗಳದ ಒಂದು ಕಾರಣ ದುಡ್ಡೇ: ಆಜೀವ ಸದಸ್ಯರು ಕಡಿಮೆ ಸಂಬಳದಲ್ಲೇ ಬದುಕಬೇಕು, ಹೊರಗೆ ಸಂಪಾದಿಸಬಾರದು ಎಂಬುದು ಅವರ ಹಟ.

1892ರಲ್ಲೇ ಪುಣೆಯಲ್ಲಿ ಭಾವುಸಾಹೇಬ್ ರಂಗಾರಿ ಸಾರ್ವಜನಿಕ ಗಣಪತಿ ಕೂರಿಸಿದ್ದರಂತೆ. 1893ರಿಂದ ಅದನ್ನು ಊರೂರಿಗೆ ಹಬ್ಬಿಸಿದವರು ತಿಲಕರು. ಆ ವರ್ಷ ಮುಂಬೈಯಲ್ಲಿ ಹಿಂದೂ-ಮುಸ್ಲಿಂ ಗಲಭೆ ಆಗಿತ್ತು. ಹಬ್ಬದ ಬೆಳವಣಿಗೆಗೆ ಅದರ ನೆರಳೂ ಇದೆ. ಹುಡುಗಿಯರ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ 1891ರ ಕಾನೂನನ್ನು ಅವರು ವಿರೋಧಿಸಿದ್ದು ಓದಿ ನನಗೆ ಬೇಜಾರಾಯಿತು. ಬ್ಯಾನರಿನಲ್ಲಿ ಇದೆಲ್ಲ ಇರುವುದಿಲ್ಲ.

1896ರ ಬರಗಾಲದಲ್ಲಿ ರೈತರಿಗೆ ಕಾನೂನಿನ ಪ್ರಕಾರ ಏನೇನು ಪರಿಹಾರ ಸಿಗಬೇಕು ಎಂದು ಹಳ್ಳಿಗಳಿಗೆ ತಿಳಿಸಿದರು. ಮರುವರ್ಷ ಪ್ಲೇಗ್ ಬಂದಾಗ ಎಷ್ಟೋ ದೊಡ್ಡವರು ಪುಣೆ ಬಿಟ್ಟರು. ಇವರು ಅಲ್ಲೇ ಉಳಿದು ರೋಗಿಗಳಿಗೆ ಆಸ್ಪತ್ರೆ ತೆರೆದರು. ಆ ವರ್ಷವೇ ರಾಜದ್ರೋಹದ ಆರೋಪದಲ್ಲಿ ಜೈಲು. 1908ರಲ್ಲಿ ಮತ್ತೆ ಆರು ವರ್ಷ ಶಿಕ್ಷೆಯಾದಾಗ ಮುಂಬೈಯ ಗಿರಣಿ ಕಾರ್ಮಿಕರು ವರ್ಷಕ್ಕೊಂದು ದಿನದಂತೆ ಆರು ದಿನ ಕೆಲಸ ನಿಲ್ಲಿಸಿದರು. ದಿನಗೂಲಿಯವನಿಗೆ ಆರು ದಿನ ಅಂದರೆ ಏನು ಎಂದು ಪೀಣ್ಯದಲ್ಲಿ ಯಾರನ್ನಾದರೂ ಕೇಳಿ. ಬರ್ಮಾದ ಮಂಡಾಲೆ ಜೈಲಿನಲ್ಲಿ ಗೀತಾರಹಸ್ಯ ಬರೆದರು. ಅದನ್ನು ಕನ್ನಡಕ್ಕೆ ತಂದವರು ನಮ್ಮ ಆಲೂರು ವೆಂಕಟರಾಯರು. ಅಲ್ಲಿದ್ದಾಗಲೇ, 1912ರಲ್ಲಿ, ಹೆಂಡತಿ ಸತ್ಯಭಾಮಾಬಾಯಿ ತೀರಿಕೊಂಡರು. ಮುಖ ನೋಡುವುದಕ್ಕೂ ಆಗಲಿಲ್ಲ.

ನನಗೆ ಬೇಕಾದ ಉತ್ತರ ಸಿಕ್ಕಿದ್ದು ಪೈಸಾ ಫಂಡ್‌ನಲ್ಲಿ. ಅಂತಾಜಿ ದಾಮೋದರ ಕಾಳೆ ಎಂಬುವರು ಜನರಿಂದ ಒಂದೊಂದೇ ಪೈಸೆ ಎತ್ತುತ್ತಾ ಹೊರಟಾಗ ತಿಲಕರು ಬೆನ್ನಿಗೆ ನಿಂತರು. ಆ ಪೈಸೆಗಳಿಂದ 1908ರಲ್ಲಿ ತಳೇಗಾಂವ್‌ನಲ್ಲಿ ಗಾಜಿನ ಕಾರ್ಖಾನೆ ಶುರುವಾಯಿತು, ಹುಡುಗರು ಕೆಲಸ ಕಲಿತರು. ಯಾತಕ್ಕೆ ಎಂದು ಮೊದಲೇ ಹೇಳಿ ಎತ್ತಿದ ದುಡ್ಡು ಅದು. 1916ರಲ್ಲಿ ಅರವತ್ತು ತುಂಬಿದಾಗ ಜನ ಒಂದು ಲಕ್ಷ ರೂಪಾಯಿಯ ಹಮ್ಮಿಣಿ ಕೊಟ್ಟರು. ತಿಲಕರು ಅದನ್ನು ಇಟ್ಟುಕೊಳ್ಳದೆ ದೇಶದ ಕೆಲಸಕ್ಕೆ ಬಿಟ್ಟರು. 1920ರ ಆಗಸ್ಟ್ 1ರಂದು ತೀರಿಕೊಂಡರು. ಮರುವರ್ಷ ಗಾಂಧೀಜಿ ಅವರ ಹೆಸರಿನ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ ಕೂಡಿಸಿದರು.

ವಾಪಸ್ ಬಂದು ಅಣ್ಣಂದಿರಿಗೆ ಹೇಳಿದೆ: ಗಣೇಶನ ದುಡ್ಡು ಮುಟ್ಟುವುದು ಬೇಡ, ಎರಡನೇ ರಸೀದಿ ಪುಸ್ತಕ ಮಾಡಿಸೋಣ. ಒಪ್ಪಿದರು. ಮೊದಲ ಎರಡು ದಿನ ಆ ಪುಸ್ತಕದ ಹಾಳೆ ಹರಿಯಲೇ ಇಲ್ಲ. ಮೂರನೇ ಸಂಜೆ ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ ಗೇಟ್ ಹತ್ತಿರ ನಿಂತೆವು. ಅಕ್ಕಂದಿರು ಹತ್ತು, ಇಪ್ಪತ್ತು ಕೊಡುತ್ತಾ ಹೋದರು. ಎರಡೂ ಲೆಕ್ಕವನ್ನು ದಿನಾ ಪೆಂಡಾಲ್ ಕಂಬಕ್ಕೆ ಅಂಟಿಸಿದೆವು. ಆಸ್ಪತ್ರೆ ಬಿಲ್ಲಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸೇರಿತು. ಆರ್ಕೆಸ್ಟ್ರಾನೂ ನಡೆಯಿತು, ಚಿಕ್ಕದಾಗಿ.

ವಿಸರ್ಜನೆಯ ದಿನ ಆ ಹುಡುಗ ಬ್ಯಾಂಡೇಜ್ ಕೈಯಲ್ಲೇ ಬಂದು ಗಣೇಶನ ಪುಸ್ತಕದಲ್ಲಿ ಹತ್ತು ರೂಪಾಯಿ ಬರೆಸಿದ. ಬೇಡವೆಂದರೂ ಕೇಳಲಿಲ್ಲ.