ಗಾಲಿಗೆ ಗಾಳಿ ತುಂಬಿದ ಪಶುವೈದ್ಯ

ಗಾಳಿಯಿಲ್ಲದ ಟಯರು ಬರುತ್ತದೆ, ಇನ್ನು ಪಂಕ್ಚರಿನ ಕಾಟವಿಲ್ಲ ಎಂಬ ಮಾತನ್ನು ನಾವು ಈಚಿನ ವರ್ಷಗಳಲ್ಲಿ ಆಗಾಗ ಕೇಳುತ್ತಿದ್ದೇವೆ. ಫ್ರಾನ್ಸಿನ ಮಿಶೆಲಿನ್ ಕಂಪೆನಿ 2005ರಲ್ಲಿ ಅಂಥ ಒಂದು ಗಾಲಿಯನ್ನು ತೋರಿಸಿತು. 2019ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಜೊತೆ ಸೇರಿ ಕಾರಿಗೆ ಹೊಂದುವ ಇನ್ನೊಂದನ್ನು ಪ್ರಕಟಿಸಿತು. 2023ರಲ್ಲಿ ಸಿಂಗಾಪುರದಲ್ಲಿ ಪಾರ್ಸೆಲು ಸಾಗಿಸುವ ಕೆಲವು ವ್ಯಾನುಗಳಿಗೆ ಅದನ್ನು ತೊಡಿಸಿ ಓಡಿಸಿದರು. ಗಾಳಿಯನ್ನು ಹೊರಹಾಕುವ ಮಾತು ಹೀಗೆ ನಡೆಯುತ್ತಿರುವಾಗ, ಆ ಗಾಳಿಯನ್ನು ಗಾಲಿಯೊಳಗೆ ತಂದಿಟ್ಟವರ ಬಾಳನ್ನು ತಿಳಿದುಕೊಳ್ಳುವುದು ಅಪ್ರಸ್ತುತವಾಗಲಾರದು. ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಅದು ಒಬ್ಬ ಮನುಷ್ಯನ ಹೆಸರೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕಂಪೆನಿಯ ಹೆಸರೆಂದೇ ತಿಳಿದಿದ್ದಾರೆ.

ಜಾನ್ ಬಾಯ್ಡ್ ಡನ್‌ಲಪ್ 1840ರ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್ ಎಂಬಲ್ಲಿ, ಬೇಸಾಯಗಾರರ ಮನೆತನದಲ್ಲಿ ಹುಟ್ಟಿದರು. ದಿನ ತುಂಬುವ ಎರಡು ತಿಂಗಳು ಮೊದಲೇ ಹುಟ್ಟಿದವನು ಎಂದು ಮನೆಯವರು ಹೇಳಿದ್ದರಿಂದ ತನ್ನದು ಬಲವಿಲ್ಲದ ದೇಹ ಎಂಬ ನಂಬಿಕೆ ಅವರಲ್ಲಿ ಬೇರೂರಿತು. ಆಯುಷ್ಯವಿಡೀ ಜಾಗ್ರತೆಯಿಂದಲೇ ಬದುಕಿದರು. ಅಂಥವರು ಎಂಬತ್ತು ದಾಟಿದರೆಂಬುದು ಬೇರೆ ಮಾತು! ಎಡಿನ್‌ಬರೋದಲ್ಲಿ ಪಶುವೈದ್ಯ ಕಲಿತು ಹತ್ತೊಂಬತ್ತರ ಹರೆಯದಲ್ಲೇ ತೇರ್ಗಡೆಯಾದರು. 1867ರಲ್ಲಿ ಐರ್ಲೆಂಡಿಗೆ ಹೋದರು, 1871ರಲ್ಲಿ ಮಾರ್ಗರೆಟ್ ಸ್ಟೀವನ್‌ಸನ್ ಅವರನ್ನು ಮದುವೆಯಾದರು. ಬೆಲ್‌ಫಾಸ್ಟ್ ನಗರದಲ್ಲಿ ಅವರು ನಡೆಸುತ್ತಿದ್ದ ಪಶುಚಿಕಿತ್ಸಾಲಯವು 1880ರ ದಶಕದ ಹೊತ್ತಿಗೆ ಆ ದೇಶದ ದೊಡ್ಡ ಚಿಕಿತ್ಸಾಲಯಗಳಲ್ಲಿ ಒಂದೆನಿಸಿತ್ತು. ಕುದುರೆಯಿಲ್ಲದೆ ಒಂದು ಮೂಟೆಯೂ ಅಲುಗದ ಕಾಲವದು. ಕುದುರೆ ವೈದ್ಯನಿಗೆ ಕೆಲಸಕ್ಕೆ ಬರವಿರಲಿಲ್ಲ.

ಅವರಿಗೆ ಒಬ್ಬ ಮಗ, ಜಾನಿ. 1887ರಲ್ಲಿ ಒಂಬತ್ತು–ಹತ್ತರ ಹುಡುಗ. ಅವನಿಗೊಂದು ಮೂರು ಗಾಲಿಯ ಸೈಕಲ್ಲಿತ್ತು. ಗಾಲಿಯ ಸುತ್ತ ಗಟ್ಟಿ ರಬ್ಬರಿನ ಪಟ್ಟಿ, ಊರಿನ ಬೀದಿಗಳಿಗೆಲ್ಲ ಕಲ್ಲಿನ ಹಾಸು. ಮೈಯೆಲ್ಲ ಕುಲುಕುತ್ತದೆಂದು ಹುಡುಗ ದೂರಿದ. ನೂರು ಮಂದಿ ತಂದೆಯರಲ್ಲಿ ತೊಂಬತ್ತೊಂಬತ್ತು ಮಂದಿ ಮೆತ್ತನೆಯ ಸೀಟು ಹಾಕಿಸಿ ಸುಮ್ಮನಾಗುತ್ತಿದ್ದರು. ಡನ್‌ಲಪ್ ಮಾತ್ರ ದೋಷ ಸೀಟಿನಲ್ಲಿಲ್ಲ, ಗಾಲಿ ನೆಲಕ್ಕೆ ತಾಗುವ ಜಾಗದಲ್ಲಿದೆ ಎಂದು ಕಂಡುಕೊಂಡರು.

ರಬ್ಬರಿನ ಕೆಲಸ ಅವರ ಕೈಗೆ ಹೊಸತಲ್ಲ. ತೆಳು ರಬ್ಬರಿನ ಹಾಳೆಯಿಂದ ಒಂದು ಕೊಳವೆ ಮಾಡಿದರು. ಅದನ್ನು ಮರದ ದುಂಡು ಹಲಗೆಯೊಂದರ ಅಂಚಿಗೆ ಸುತ್ತಿ, ಮೇಲೆ ಬಟ್ಟೆ ಹೊದಿಸಿ ಮೊಳೆ ಹೊಡೆದರು; ಕಾಲ್ಚೆಂಡಿಗೆ ಗಾಳಿ ಹೊಡೆಯುವ ಪಂಪಿನಿಂದ ಗಾಳಿ ತುಂಬಿದರು. ಬಳಿಕ ಸೈಕಲ್ಲಿನ ಗಟ್ಟಿ ಗಾಲಿಯನ್ನು ಅಂಗಳದಲ್ಲಿ ಉರುಳಿಸಿ ಬಿಟ್ಟರು. ಅದು ಅಂಗಳದ ಕೊನೆ ಮುಟ್ಟುವ ಮೊದಲೇ ಬಿದ್ದಿತು. ಗಾಳಿಯ ಹಲಗೆಯನ್ನು ಅಷ್ಟೇ ಬಲದಿಂದ ಉರುಳಿಸಿದರೆ ಅದು ಅಂಗಳ ದಾಟಿ ಗೇಟಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು. ಪ್ರಯೋಗವೆಂದರೆ ಇಷ್ಟೇ. ಪ್ರಯೋಗಾಲಯವಿಲ್ಲ, ಉಪಕರಣವಿಲ್ಲ ಎಂದು ಕೊರಗುವ ನಾವು ವಿಜ್ಞಾನ ಮೇಷ್ಟ್ರುಗಳು ಈ ಅಂಗಳವನ್ನು ಆಗಾಗ ನೆನಸಿಕೊಳ್ಳುವುದು ಒಳ್ಳೆಯದು.

ಯಾಕೆ ಹೀಗಾಯಿತು? ಗಟ್ಟಿ ಗಾಲಿ ಕಲ್ಲಿನ ಮೇಲೆ ಹೋಗುವಾಗ ಇಡೀ ಗಾಡಿಯನ್ನೇ ಎತ್ತಿ ಹಾಕಬೇಕು. ಪ್ರತಿ ಸಲವೂ ಸ್ವಲ್ಪ ಶಕ್ತಿ ಕುಲುಕಾಟದಲ್ಲಿ ಪೋಲಾಗುತ್ತದೆ. ಗಾಳಿಯ ಗಾಲಿಯಾದರೋ ಕಲ್ಲನ್ನು ತನ್ನೊಳಗೆ ತುಸು ತಗ್ಗಿಸಿಕೊಂಡು ದಾಟಿಬಿಡುತ್ತದೆ; ಒತ್ತಿದ ಗಾಳಿ ಮತ್ತೆ ಹಿಗ್ಗಿ, ಕೊಟ್ಟ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಹಿಂದಿರುಗಿಸುತ್ತದೆ. ಹುಡುಗನ ಮೈನೋವು ತಪ್ಪಿಸಹೊರಟವರಿಗೆ ವೇಗವೂ ಸಿಕ್ಕಿತು. 1888ರ ಫೆಬ್ರವರಿ ಕೊನೆಯಲ್ಲಿ ಜಾನಿಯ ಸೈಕಲ್ಲಿಗೆ ಹೊಸ ಟಯರು ಬಂತು. ಅದೇ ವರ್ಷ ಪೇಟೆಂಟೂ ಆಯಿತು.

1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟದಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಈ ದಪ್ಪ ಟಯರಿನ ಸೈಕಲ್ಲಿನಲ್ಲಿ ಇಳಿದಾಗ ಜನ ನಕ್ಕರಂತೆ. ಅವನು ನಾಲ್ಕು ಪಂದ್ಯಗಳನ್ನೂ ಗೆದ್ದ. ಡಬ್ಲಿನ್ನಿನ ವ್ಯಾಪಾರಿ ಹಾರ್ವೆ ಡು ಕ್ರೋಸ್ ಇದರಲ್ಲಿ ಹಣವನ್ನು ಕಂಡರು. ಅದೇ ವರ್ಷದ ಕೊನೆಗೆ ಕಂಪೆನಿ ಎದ್ದಿತು. ಡನ್‌ಲಪ್ ತಮ್ಮ ಪೇಟೆಂಟನ್ನು ಕೆಲವು ಶೇರುಗಳಿಗೆ ಬದಲಾಗಿ ಬಿಟ್ಟುಕೊಟ್ಟರು.

ಮರುವರ್ಷವೇ ಪೆಟ್ಟು ಬಿತ್ತು. ಅವರ ಪೇಟೆಂಟು ಸಿಂಧುವಲ್ಲವೆಂದಾಯಿತು. ಕಾರಣ, ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವರು 1845ರಲ್ಲಿ, ಅಂದರೆ ಡನ್‌ಲಪ್ ಐದು ವರ್ಷದ ಮಗುವಾಗಿದ್ದಾಗ, ಇದೇ ತತ್ತ್ವಕ್ಕೆ ಪೇಟೆಂಟು ಪಡೆದಿದ್ದರು. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಗಾಳಿಯ ಗಾಲಿ ತೊಡಿಸಿದ ಗಾಡಿಯನ್ನು ಓಡಿಸಿಯೂ ತೋರಿಸಿದ್ದರು. ಆಗ ರಬ್ಬರು ದುಬಾರಿ, ಸೈಕಲ್ಲು ಇನ್ನೂ ಹುಟ್ಟಿರಲಿಲ್ಲ, ಲೋಕ ಮರೆತುಬಿಟ್ಟಿತು. ಡನ್‌ಲಪ್ ಇದನ್ನು ನೋಡಿ ನಕಲು ಮಾಡಿದರೆನ್ನುವುದಕ್ಕೆ ಆಧಾರವಿಲ್ಲ. ಅವರ ಅದೃಷ್ಟವೆಂದರೆ ಕಾಲ ಕೂಡಿಬಂದದ್ದು. 1885ರಲ್ಲಿ ಎರಡೂ ಗಾಲಿ ಸಮನಾದ, ಚೈನಿನ ಸೈಕಲ್ಲು ಬಂದಿತ್ತು. ಅದರ ಚಿಕ್ಕ ಗಾಲಿಗಳು ಹಳೆಯ ಎತ್ತರದ ಗಾಲಿಗಿಂತ ಹೆಚ್ಚು ಕುಲುಕುತ್ತಿದ್ದವು. ಲೋಕಕ್ಕೆ ಈ ಟಯರು ಬೇಕಾಗಿತ್ತು.

ಇನ್ನೂ ಸ್ವಾರಸ್ಯದ ಸಂಗತಿ ಬೇರೆಯಿದೆ. ಗಾಳಿಯ ಗಾಲಿಯನ್ನು ಮೊದಲು ಕಂಡ ಅದೇ ಥಾಮ್ಸನ್, 1867ರಲ್ಲಿ ರಸ್ತೆಯ ಮೇಲೆ ಓಡುವ ಉಗಿಯಂತ್ರ ಕಟ್ಟಿದಾಗ ಅದಕ್ಕೆ ಗಾಳಿಯಿಲ್ಲದ, ದಪ್ಪ ಗಟ್ಟಿ ರಬ್ಬರಿನ ಟಯರು ತೊಡಿಸಿದರು. ಅಂಥ ಯಂತ್ರಗಳು ನಮ್ಮ ದೇಶಕ್ಕೂ ಬಂದವು. 1870ರ ದಶಕದಲ್ಲಿ ಕ್ರಾಂಪ್ಟನ್ ಎಂಬ ಸೇನಾಧಿಕಾರಿ ಪಂಜಾಬಿನ ಕಡೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಅವನ್ನು ಓಡಿಸಿದರು. ಭಾರಕ್ಕೆ ಗಟ್ಟಿ ರಬ್ಬರು, ವೇಗಕ್ಕೆ ಗಾಳಿ ಎಂಬ ಲೆಕ್ಕ ಅಂದಿನಿಂದಲೇ ಇದೆ. ಗಟ್ಟಿ ರಬ್ಬರು ವೇಗವಾಗಿ ಉರುಳಿದರೆ ಒಳಗೊಳಗೇ ಕಾಯುತ್ತದೆ; ಆದ್ದರಿಂದ ಅದು ಗೋದಾಮಿನೊಳಗೆ ಸಾಮಾನು ಎತ್ತುವ ನಿಧಾನದ ಯಂತ್ರಗಳಲ್ಲೇ ಹೆಚ್ಚಾಗಿ ಉಳಿಯಿತು. ಈಗಿನವರು ಮಾಡುತ್ತಿರುವುದು ಹಾಗಲ್ಲ. ನಡುವಿನ ಗುಂಬಕ್ಕೂ ಹೊರಗಿನ ರಬ್ಬರಿಗೂ ಮಧ್ಯೆ ಬಾಗಿ ಬಳುಕುವ ಅರೆಗಳನ್ನು ಜೋಡಿಸುತ್ತಾರೆ. ಗಾಜಿನ ನಾರು, ರಾಳ ಮುಂತಾದ್ದರಿಂದ ಮಾಡಿದ ಈ ಅರೆಗಳು ಗಾಳಿ ಮಾಡುತ್ತಿದ್ದ ಕೆಲಸವನ್ನು ಮಾಡಬೇಕು. ಪಂಕ್ಚರಾಗದು, ಒಡೆಯದು, ನಿಜ. ಆದರೆ ವೇಗ ಹೆಚ್ಚಿದಾಗ ನಡುಕ, ಸದ್ದು, ಬಿಸಿ ಏಳುತ್ತವೆ. ಅರೆಗಳ ಸಂದಿಯಲ್ಲಿ ಕೆಸರು, ಕಲ್ಲು ಸೇರಿಕೊಳ್ಳಬಹುದು. ನಮ್ಮ ಮಳೆಗಾಲದ ರಸ್ತೆ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲಾಗಿ ಭಾರ ಹೆಚ್ಚಾದರೆ ಗಾಳಿಯ ಟಯರಿಗೆ ನಾಲ್ಕು ಪಂಪು ಹೆಚ್ಚು ಹೊಡೆಯಬಹುದು. ಅರೆಯನ್ನು ಹಾಗೆ ಬಿಗಿ ಮಾಡಲಾಗದು. ಪುಕ್ಕಟೆ ಸಿಗುವ ಗಾಳಿಯ ಬದಲಿಗೆ ಅದಕ್ಕೆ ಸಮನಾದದ್ದನ್ನು ತರುವುದು ಎಷ್ಟು ಕಷ್ಟವೆಂಬುದು ಗೊತ್ತಾದಷ್ಟೂ ಆ ಬೆಲ್‌ಫಾಸ್ಟಿನ ಅಂಗಳದ ಕೆಲಸ ನಮಗೆ ದೊಡ್ಡದಾಗಿ ಕಾಣುತ್ತದೆ.

ಡನ್‌ಲಪ್ ಕತೆಗೆ ಮರಳೋಣ. ಪೇಟೆಂಟು ಹೋದರೂ ಕಂಪೆನಿ ಸಾಯಲಿಲ್ಲ. ಟಯರನ್ನು ಗಾಲಿಗೆ ಕಚ್ಚಿಸುವ ವೆಲ್ಚ್, ಬಾರ್ಟ್ಲೆಟ್ ಎಂಬವರ ಪೇಟೆಂಟುಗಳನ್ನು ಡು ಕ್ರೋಸ್ ಕೊಂಡು ವ್ಯಾಪಾರವನ್ನು ಉಳಿಸಿದರು. 1895ರಲ್ಲಿ ಡನ್‌ಲಪ್ ಆಡಳಿತ ಮಂಡಳಿಯಿಂದ ಹೊರಬಂದರು, ಶೇರುಗಳನ್ನೂ ಮಾರಿದರು. ಅದೇ ವರ್ಷ ಫ್ರಾನ್ಸಿನಲ್ಲಿ ಮಿಶೆಲಿನ್ ಸೋದರರು ಗಾಳಿ ಟಯರಿನ ಕಾರನ್ನು ಪ್ಯಾರಿಸ್–ಬೋರ್ಡೋ ಓಟಕ್ಕೆ ಇಳಿಸಿದ್ದರು. ಟಯರಿನ ನಿಜವಾದ ಭಾಗ್ಯ ತೆರೆಯುತ್ತಿದ್ದುದೇ ಆಗ. ಮರುವರ್ಷ ಹೂಲಿ ಎಂಬ ವ್ಯವಹಾರಸ್ಥರು ಕಂಪೆನಿಯನ್ನು 30 ಲಕ್ಷ ಪೌಂಡಿಗೆ ಕೊಂಡು, 50 ಲಕ್ಷಕ್ಕೆ ಸಾರ್ವಜನಿಕರ ಮುಂದಿಟ್ಟರು. ಕಂಪೆನಿಗೆ ಹೆಸರು ಕೊಟ್ಟವರಿಗೆ ಆ ಸಂಪತ್ತಿನಲ್ಲಿ ಪಾಲು ಬರಲಿಲ್ಲ.

ಟಯರಿನ ಹಸಿವು ಲೋಕಕ್ಕೆ ಬೇರೆ ಗತಿಯನ್ನೂ ತಂದಿತು. ಕಾಡುರಬ್ಬರಿಗಾಗಿ ಬೆಲ್ಜಿಯಂ ದೊರೆ ಲಿಯೊಪೋಲ್ಡನ ಆಳಿಕೆಯ ಕಾಂಗೋದಲ್ಲಿ ಜನರ ಕೈ ಕಡಿದ ಕ್ರೌರ್ಯವನ್ನು ಚರಿತ್ರೆ ಬಲ್ಲದು. ಅದರ ದೋಷವನ್ನು ಡನ್‌ಲಪ್ ತಲೆಗೆ ಕಟ್ಟುವುದು ನ್ಯಾಯವಲ್ಲ. ನಮ್ಮ ಕಾಸರಗೋಡಿನ ಮೂಡು ಗುಡ್ಡಗಳಲ್ಲಿ ಬೆಳಗ್ಗೆ ಚಿರಟೆಗೆ ತೊಟ್ಟಿಕ್ಕುವ ಹಾಲೂ ಕೊನೆಗೆ ಸೇರುವುದು ಬಹುಪಾಲು ಟಯರಿಗೇ.

ಡಬ್ಲಿನ್ನಿನಲ್ಲಿ ನೆಲೆಸಿದ ಡನ್‌ಲಪ್ ಒಂದು ಬಟ್ಟೆ ವ್ಯಾಪಾರದಲ್ಲಿ ಪಾಲುಗೊಂಡು ಸದ್ದಿಲ್ಲದೆ ಬಾಳಿದರು. ಅಷ್ಟು ಹೆದರಿಕೊಂಡಿದ್ದ ದೇಹಕ್ಕೆ ದೊಡ್ಡ ಕಾಯಿಲೆಯೇನೂ ಬರಲಿಲ್ಲ. 1921ರ ಅಕ್ಟೋಬರದಲ್ಲಿ ಶೀತ ತಗಲಿತು. 23ರಂದು, ಎಂಬತ್ತೊಂದರ ವಯಸ್ಸಿನಲ್ಲಿ ತೀರಿಕೊಂಡರು. ಗಾಳಿ ಟಯರಿನ ಚರಿತ್ರೆಯನ್ನು ಅವರೇ ಬರೆದಿಟ್ಟಿದ್ದರು; ಅದನ್ನು ಅವರ ಮರಣಾನಂತರ ಮಗಳು ಅಚ್ಚುಹಾಕಿಸಿದರು.